ಎರಡು ಪದವಿ ಪಡೆದ ವೈದ್ಯರು ಮೊದಲು ಎಲ್ಲಿಗೆ ಹೋಗಬೇಕು?

ವೈದ್ಯಕೀಯ ಪದವಿಯ ಜೊತೆಗೆ ಪಿಎಚ್.ಡಿ.ಯನ್ನೂ ಪಡೆದು ಹೊರಬರುವವರಿಗೆ ಓದು ಮುಗಿಯಿತು ಎನ್ನುವ ಹೊತ್ತಿಗೇ ಮತ್ತೊಂದು ಆಯ್ಕೆ ಎದುರಾಗುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಹಿರಿಯ ವೈದ್ಯರ ಕೈಕೆಳಗೆ ಹಗಲಿರುಳು ದುಡಿದು ಒಂದು ವಿಭಾಗದ ತಜ್ಞರೆನಿಸಿಕೊಳ್ಳುವ ರೆಸಿಡೆನ್ಸಿ ಒಂದು ಕಡೆಗಿದ್ದರೆ, ಪ್ರಯೋಗಾಲಯದಲ್ಲಿಯೋ ಹಳ್ಳಿಗಳ ನಡುವೆಯೋ ಒಂದೇ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಕೆಲಸ ಮಾಡುವ ಸಂಶೋಧನಾ ತರಬೇತಿ ಇನ್ನೊಂದು ಕಡೆಗಿರುತ್ತದೆ; ಪಿಎಚ್.ಡಿ. ಆದ ಮೇಲೆ ಇನ್ನೊಬ್ಬ ಹಿರಿಯ ವಿಜ್ಞಾನಿಯ ಬಳಿ ನಡೆಸುವ ಈ ಕೆಲಸವನ್ನು ಪೋಸ್ಟ್‌ಡಾಕ್ ಎಂದು ಕರೆಯುತ್ತಾರೆ. ಎರಡಕ್ಕೂ ಪೂರ್ಣಾವಧಿಯ ದುಡಿಮೆ ಬೇಕಾಗುವುದರಿಂದ, ಹೆಚ್ಚಿನವರ ಪಾಲಿಗೆ ಯಾವುದು ಮೊದಲು ಎಂಬ ತೀರ್ಮಾನವೇ ಮುಂದೆ ಯಾವುದು ಉಳಿಯುತ್ತದೆ ಎಂಬುದನ್ನೂ ನಿರ್ಧರಿಸಿಬಿಡುತ್ತದೆ.

ಪದವಿಗಳ ಹೆಸರಿನಲ್ಲಿರುವ ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ಅಮೆರಿಕದಲ್ಲಿ ಎಂ.ಡಿ. ಎಂದರೆ ಭಾರತದ ಎಂ.ಬಿ.ಬಿ.ಎಸ್.ಗೆ ಸಮನಾದ ಮೊದಲ ವೈದ್ಯಕೀಯ ಪದವಿ, ಭಾರತದಲ್ಲಿ ಎಂ.ಡಿ. ಎಂದರೆ ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ವಾರ್ಡಿನಲ್ಲಿ ದುಡಿದು ಪಡೆಯುವ ಸ್ನಾತಕೋತ್ತರ ಪದವಿ, ಅಂದರೆ ಜನ ‘ಪಿ.ಜಿ.’ ಎಂದು ಕರೆಯುವ ಓದು. ಹೀಗಾಗಿ ಅಮೆರಿಕದಲ್ಲಿ ಎಂ.ಡಿ.–ಪಿಎಚ್.ಡಿ. ಮುಗಿಸಿದವರು ರೆಸಿಡೆನ್ಸಿಯ ಹೊಸ್ತಿಲಲ್ಲಿ ನಿಂತಿರುತ್ತಾರೆ, ಭಾರತದಲ್ಲಿ ಅದೇ ಹೆಸರಿನ ಜೋಡಿ ಪದವಿ ಪಡೆದವರು ರೆಸಿಡೆನ್ಸಿಯನ್ನು ಆಗಲೇ ದಾಟಿರುತ್ತಾರೆ. ಆದ್ದರಿಂದ ಇಲ್ಲಿ ಈ ಪ್ರಶ್ನೆ ಒಂದು ಮೆಟ್ಟಿಲು ಕೆಳಗೇ, ಹೌಸ್ ಸರ್ಜನ್ಸಿ ಮುಗಿದ ಕೂಡಲೇ, ಪಿ.ಜಿ. ಸೀಟಿಗೆ ಓದುವುದೋ ಪಿಎಚ್.ಡಿ.ಗೆ ಸೇರುವುದೋ ಎಂಬ ರೂಪದಲ್ಲಿ ಬರುತ್ತದೆ, ಎಂ.ಡಿ. ಆದವರಿಗೆ ಡಿ.ಎಂ. ಮಾಡಿ ಹೃದಯ ಅಥವಾ ನರರೋಗ ತಜ್ಞರಾಗುವುದೋ ಸಂಶೋಧನೆಗೆ ಇಳಿಯುವುದೋ ಎಂಬ ರೂಪದಲ್ಲಿ ಎರಡನೆಯ ಸಲ ಬರುತ್ತದೆ.

ಎರಡೂ ಪದವಿಗಳನ್ನು ಒಟ್ಟಿಗೆ ಕೊಡುವ ವ್ಯವಸ್ಥೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1964ರಲ್ಲಿ ಮೂರು ವಿಶ್ವವಿದ್ಯಾಲಯಗಳಿಗೆ ಹಣಕಾಸಿನ ನೆರವು ನೀಡಿ ತಳಹದಿ ಹಾಕಿತು. ಸಾಮಾನ್ಯವಾಗಿ ಎಂಟು ವರ್ಷ ಹಿಡಿಯುವ ಈ ಓದು ಮುಗಿದ ಮೇಲೂ ರೆಸಿಡೆನ್ಸಿಗೆ ಮೂರರಿಂದ ಏಳು ವರ್ಷ ಬೇಕಾಗುವುದರಿಂದ, ಸ್ವತಂತ್ರವಾಗಿ ಕೆಲಸ ಆರಂಭಿಸುವ ಹೊತ್ತಿಗೆ ಮೂವತ್ತೈದು ದಾಟಿರುತ್ತದೆ. 1979ರಲ್ಲಿ ಜೇಮ್ಸ್ ವಿಂಗಾರ್ಡನ್ ಎಂಬ ವೈದ್ಯವಿಜ್ಞಾನಿ, ರೋಗಿಯನ್ನೂ ನೋಡಿ ಸಂಶೋಧನೆಯನ್ನೂ ಮಾಡುವವರ ಸಂತತಿಯೇ ಅಳಿವಿನ ಅಂಚಿಗೆ ಬಂದಿದೆ ಎಂದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಎಚ್ಚರಿಸಿದ್ದರು. ಮುಂದೆ ಅದೇ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿರ್ದೇಶಕರೂ ಆದರು. ಇಂದು ಆ ದೇಶದಲ್ಲಿ ಎರಡು ವರ್ಷ ಸಾಮಾನ್ಯ ವೈದ್ಯಕೀಯದ ರೆಸಿಡೆನ್ಸಿ ಮಾಡಿ, ಆಮೇಲಿನ ವರ್ಷಗಳ ಬಹುಪಾಲನ್ನು ಸಂಶೋಧನೆಗೆ ಮೀಸಲಿಡುವ ಕಿರಿದಾದ ದಾರಿಯೊಂದನ್ನು ತಜ್ಞರ ಮಂಡಳಿಯೇ ಒಪ್ಪಿದೆ. ಕರ್ನಾಟಕದಲ್ಲಿ ಈ ಮಾತಿಗೆ ಹೊಸ ಕಾವು ಬಂದದ್ದು 2022ರ ಫೆಬ್ರವರಿಯಲ್ಲಿ. ಸುಸ್ಮಿತಾ ಮತ್ತು ಸುಬ್ರತೊ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ದಂಪತಿಗಳು ನೀಡಿದ 425 ಕೋಟಿ ರೂಪಾಯಿಯ ದೇಣಿಗೆಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಆವರಣದಲ್ಲಿ ಸುಮಾರು 800 ಹಾಸಿಗೆಗಳ ಆಸ್ಪತ್ರೆಯನ್ನೂ ಸ್ನಾತಕೋತ್ತರ ವೈದ್ಯಕೀಯ ಶಾಲೆಯನ್ನೂ ಕಟ್ಟುವುದಾಗಿ ಪ್ರಕಟಿಸಿತು. ಆ ಶಾಲೆಯ ಯೋಜನೆಯ ನಡುಮಧ್ಯದಲ್ಲಿರುವುದೇ ಎಂ.ಡಿ.–ಪಿಎಚ್.ಡಿ. ಜೋಡಿ ಪದವಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐ.ಸಿ.ಎಂ.ಆರ್.ನ ಇಂಥ ಯೋಜನೆ ಅದಕ್ಕೂ ಹಿಂದಿನದು, ಆದರೆ ಅದರ ಹೆಸರು ಜಿಲ್ಲಾ ಕೇಂದ್ರಗಳ ವಿದ್ಯಾರ್ಥಿಗಳ ಕಿವಿಗೆ ಬಿದ್ದದ್ದು ಕಡಿಮೆ.

ಬೆಂಗಳೂರಿನಲ್ಲಿ ಹುಟ್ಟುವ ಈ ವ್ಯವಸ್ಥೆಗೂ ತುಂಗಭದ್ರಾ ಅಣೆಕಟ್ಟಿನ (ಟಿ.ಬಿ. ಡ್ಯಾಂ) ಸುತ್ತಲಿನ ಹೊಸಪೇಟೆ, ಕಂಪ್ಲಿ, ಸಂಡೂರುಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಆಳವಾದದ್ದು, ಏಕೆಂದರೆ ವಾರ್ಡಿನ ಕಣ್ಣೂ ಪ್ರಯೋಗಾಲಯದ ಕೈಯೂ ಒಬ್ಬರಲ್ಲೇ ಕೂಡಿದ್ದರೆ ಮಾತ್ರ ಅರ್ಥವಾಗುವ ಕಾಯಿಲೆಗಳು ಈ ನೆಲದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ.

ಮೊದಲ ಉದಾಹರಣೆ ಊಟದ ತಟ್ಟೆಯಲ್ಲಿಯೇ ಇದೆ. ದಖನ್ನಿನ ಬಿಳಿಜೋಳದ ಸೀಮೆಯ ಬಡವರಲ್ಲಿ ಪೆಲಾಗ್ರ ಎಂಬ ಕಾಯಿಲೆ ಕಾಣಿಸುತ್ತಿತ್ತು. ಬಿಸಿಲು ತಾಗುವ ಕುತ್ತಿಗೆ, ಮುಂಗೈ, ಪಾದಗಳ ಚರ್ಮ ಕಪ್ಪಾಗಿ ಒರಟಾಗಿ ಸುಲಿಯುವುದು, ಭೇದಿ ಹಿಡಿಯುವುದು, ಕಡೆಗೆ ಬುದ್ಧಿ ಭ್ರಮಿಸುವುದು ಇದರ ಲಕ್ಷಣ. ಮೂಲ ಕಾರಣ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವದ ಕೊರತೆ. ಪಠ್ಯಪುಸ್ತಕಗಳ ಪ್ರಕಾರ ಇದು ಮೆಕ್ಕೆಜೋಳ ಉಣ್ಣುವವರ ಕಾಯಿಲೆ, ಏಕೆಂದರೆ ಮೆಕ್ಕೆಜೋಳದ ನಯಾಸಿನ್ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ ಮತ್ತು ದೇಹ ತಾನೇ ನಯಾಸಿನ್ ತಯಾರಿಸಿಕೊಳ್ಳಲು ಬಳಸುವ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವೂ ಅದರಲ್ಲಿ ಕಡಿಮೆ. ಬಿಳಿಜೋಳದಲ್ಲಿ ಟ್ರಿಪ್ಟೊಫಾನಿಗೆ ಅಂಥ ಬರವಿಲ್ಲ. ಹಾಗಿದ್ದರೆ ರೊಟ್ಟಿ ಉಣ್ಣುವವರಿಗೆ ಈ ಕಾಯಿಲೆ ಏಕೆ? ಮದ್ರಾಸಿನಲ್ಲಿ ವೈದ್ಯಕೀಯ ಓದಿ ಲಂಡನ್ನಿನಲ್ಲಿ ಪಿಎಚ್.ಡಿ. ಪಡೆದ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ ವೈದ್ಯ ಎಸ್.ಜಿ. ಶ್ರೀಕಂಠಯ್ಯ ಈ ಪ್ರಶ್ನೆಯನ್ನು ಹೈದರಾಬಾದಿನ ರೋಗಿಗಳಿಂದ ಎತ್ತಿಕೊಂಡು ಪ್ರಯೋಗಾಲಯಕ್ಕೆ ಒಯ್ದರು. ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಹೆಚ್ಚಾಗಿದ್ದು, ಅದು ನಯಾಸಿನ್ ಬಳಕೆಗೆ ಅಡ್ಡಬರುತ್ತದೆ ಎಂಬ ವಾದವನ್ನು ಅವರು 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮುಂದಿಟ್ಟರು. ಆ ವಾದವನ್ನು ಮುಂದೆ ಬೇರೆಯವರು ಪ್ರಶ್ನಿಸಿದ್ದೂ ಉಂಟು, ವಿಜ್ಞಾನದಲ್ಲಿ ಅದು ಸಹಜ. ಇಲ್ಲಿ ಗಮನಿಸಬೇಕಾದದ್ದು ಪ್ರಶ್ನೆ ಹುಟ್ಟಿದ ಜಾಗವನ್ನು. ರೋಗಿಯ ಕುತ್ತಿಗೆಯ ಕಪ್ಪು ಪಟ್ಟಿಯನ್ನು ನೋಡಿ ರೋಗವನ್ನು ಗುರುತಿಸಬಲ್ಲವರು, ಆತ ಏನು ಉಣ್ಣುತ್ತಾನೆಂದು ಕೇಳಬಲ್ಲವರು, ಆ ಉತ್ತರ ಪಠ್ಯಪುಸ್ತಕಕ್ಕೆ ಹೊಂದುತ್ತಿಲ್ಲವೆಂದು ಅನುಮಾನಿಸಬಲ್ಲವರು, ಅನುಮಾನವನ್ನು ರಸಾಯನಶಾಸ್ತ್ರದ ಪರೀಕ್ಷೆಗೆ ಒಡ್ಡಬಲ್ಲವರು ಎಲ್ಲರೂ ಅಲ್ಲಿ ಒಂದೇ ಕೊಠಡಿಯಲ್ಲಿದ್ದರು.

ಎರಡನೆಯ ಉದಾಹರಣೆ ಅಣೆಕಟ್ಟಿಗೇ ಸಂಬಂಧಪಟ್ಟದ್ದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದಾಗ ಮೂಳೆಗಳು ಗಡುಸಾಗಿ ಬೆನ್ನು ಬಾಗದಂತಾಗುವ ಫ್ಲೋರೋಸಿಸ್ ಕಾಯಿಲೆಯನ್ನು ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲೇ ವರದಿ ಮಾಡಲಾಗಿತ್ತು. ಅದು ದೀರ್ಘಕಾಲ ಆ ನೀರು ಕುಡಿದ ಹಿರಿಯರ ಕಾಯಿಲೆಯೆಂದೇ ತಿಳಿಯಲಾಗಿತ್ತು. ನಾಗಾರ್ಜುನಸಾಗರದ ಕಾಲುವೆಗಳು ಹರಿದ ಮೇಲೆ ಆಂಧ್ರದ ಹಳ್ಳಿಗಳಲ್ಲಿ ಹರೆಯದ ಹುಡುಗರ ಮಂಡಿಗಳು ಒಂದಕ್ಕೊಂದು ತಾಕುವಂತೆ ಕಾಲು ಸೊಟ್ಟಗಾಗತೊಡಗಿದಾಗ, ಅದೇ ಮಕ್ಕಳ ಬೆನ್ನೆಲುಬು ಎಕ್ಸ್‌ರೇಯಲ್ಲಿ ವಿಪರೀತ ಗಟ್ಟಿಯಾಗಿ ಕಾಣುತ್ತಿದ್ದದ್ದು ಒಗಟಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ಇದನ್ನು ಫ್ಲೋರೋಸಿಸ್ಸಿನ ಹೊಸ ರೂಪವೆಂದು ವರದಿ ಮಾಡಿದರು. ಕಾಲುವೆ ನೀರು ಇಂಗಿ ಅಂತರ್ಜಲ ಮೇಲೇರುತ್ತದೆ, ಮಣ್ಣು ಕ್ಷಾರವಾಗುತ್ತದೆ, ಅಂಥ ಮಣ್ಣಿನಲ್ಲಿ ಬೆಳೆದ ಜೋಳ ಮಾಲಿಬ್ಡಿನಂ ಎಂಬ ಧಾತುವನ್ನು ಹೆಚ್ಚಾಗಿ ಹೀರುತ್ತದೆ, ಅದನ್ನು ಉಂಡವರ ದೇಹದಿಂದ ತಾಮ್ರ ಹೊರಹೋಗಿ ಬೆಳೆಯುವ ಮೂಳೆ ಸೊರಗುತ್ತದೆ ಎಂಬ ವಿವರಣೆಯೂ ಆಮೇಲೆ ಬಂತು. ದೊಡ್ಡ ಅಣೆಕಟ್ಟುಗಳ ಆರೋಗ್ಯ ಪರಿಣಾಮಗಳನ್ನು ಚರ್ಚಿಸುವ ಬರಹಗಳಲ್ಲಿ ನಾಗಾರ್ಜುನಸಾಗರದ ಜೊತೆಗೆ ಹೊಸಪೇಟೆಯ ಅಣೆಕಟ್ಟಿನ ಹೆಸರೂ ಕಾಣಿಸಿಕೊಂಡದ್ದು ಈ ಸೀಮೆಯ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರು ಅದನ್ನು ಮೀರುತ್ತದೆ.

ಮೂರನೆಯ ಉದಾಹರಣೆ ಭತ್ತದ ಗದ್ದೆಯದು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಮಳೆಯಾಶ್ರಿತ ಜೋಳದ, ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದವು. ಹೊಸಪೇಟೆ, ಕಂಪ್ಲಿಗಳಿಗೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಮೊದಲೇ ಇದ್ದುದರಿಂದ ಅಲ್ಲಿ ಗದ್ದೆ ಹೊಸತಲ್ಲ, ಹೊಸತಾದದ್ದು ಅದರ ವಿಸ್ತಾರ. ನಿಂತ ನೀರಿನ ಗದ್ದೆಯಲ್ಲಿ ಮರಿಮಾಡುವ ಕ್ಯೂಲೆಕ್ಸ್ ಸೊಳ್ಳೆ, ವೈರಸ್ಸನ್ನು ತನ್ನ ಮೈಯಲ್ಲಿ ಬೆಳೆಸಿಕೊಡುವ ಹಂದಿ, ಈ ಎರಡರ ಮೂಲಕ ಮಕ್ಕಳ ಮಿದುಳಿಗೆ ಉರಿಯೂತ ತರುವ ಜಪಾನೀಸ್ ಎನ್ಸೆಫಲೈಟಿಸ್ ಜ್ವರ ಬಳ್ಳಾರಿ, ಕೊಪ್ಪಳ, ರಾಯಚೂರುಗಳಲ್ಲಿ ನೆಲೆನಿಂತಿದೆ. ಇಂಥ ಕಡೆ ಜ್ವರದಿಂದ ಪ್ರಜ್ಞೆ ತಪ್ಪಿ ಬಂದ ಮಗುವಿಗೆ ರಾತ್ರಿಯ ಡ್ಯೂಟಿ ಡಾಕ್ಟರು ಬೆನ್ನಹುರಿಯ ದ್ರವ ತೆಗೆದು, ಅದನ್ನು ಸರಿಯಾದ ತಾಪದಲ್ಲಿಟ್ಟು, ಸರಿಯಾದ ಚೀಟಿ ಅಂಟಿಸಿ ವೈರಾಣು ಪ್ರಯೋಗಾಲಯಕ್ಕೆ ಕಳಿಸಿದರೆ ಮಾತ್ರ ಸಂಶೋಧಕರಿಗೆ ಮಾಹಿತಿ ಸಿಗುತ್ತದೆ. ಆ ಕೆಲಸದ ಬೆಲೆ ತಿಳಿದವರು ವಾರ್ಡಿನಲ್ಲಿ ಇರುವುದು ಎಷ್ಟು ಮುಖ್ಯ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ಇಲ್ಲ.

ಇಷ್ಟು ಹೇಳಿದ ಮೇಲೆ ಆಯ್ಕೆಯ ಪ್ರಶ್ನೆಗೆ ಬರಬಹುದು. ಈ ಅಂಕಣದ ನಿಲುವು ಸ್ಪಷ್ಟವಾಗಿದೆ: ಯಾರ ಸಂಶೋಧನೆಯ ಪ್ರಶ್ನೆ ರೋಗಿಯಿಂದ ಹುಟ್ಟುತ್ತದೆಯೋ ಅವರು ಮೊದಲು ರೆಸಿಡೆನ್ಸಿ ಮಾಡಬೇಕು, ಯಾರ ಪ್ರಶ್ನೆ ಜೀವಕೋಶದಲ್ಲಿ, ಅಣುವಿನಲ್ಲಿ, ಲೆಕ್ಕಾಚಾರದಲ್ಲಿ ಹುಟ್ಟಿ ಅಲ್ಲೇ ಬೆಳೆಯುತ್ತದೆಯೋ ಅವರು ನಾಳೆ ಬೇಕಾದೀತೆಂಬ ಭಯಕ್ಕಾಗಿ ಮಾತ್ರ ರೆಸಿಡೆನ್ಸಿಗೆ ಹೋಗಬಾರದು. ಕಾರಣಗಳು ಹಲವು.

ವಾರ್ಡಿನ ಕೈಚಳಕ ಬಳಸದಿದ್ದರೆ ಬೇಗ ಮಾಸುತ್ತದೆ. ಹೊಟ್ಟೆ ಮುಟ್ಟಿ ನೋಡುವುದು, ಉಸಿರಿನ ಸದ್ದಿನ ವ್ಯತ್ಯಾಸ ಹಿಡಿಯುವುದು, ಔಷಧದ ಪ್ರಮಾಣವನ್ನು ಅನುಮಾನವಿಲ್ಲದೆ ಬರೆಯುವುದು ದಿನವೂ ಮಾಡಿದರೆ ಮಾತ್ರ ಉಳಿಯುವ ವಿದ್ಯೆಗಳು. ಅದಕ್ಕಿಂತ ಕಠಿಣವಾದದ್ದು ಪ್ರವೇಶದ ದಾರಿ. ಭಾರತದಲ್ಲಿ ಪಿ.ಜಿ. ಸೀಟು ಸಿಗುವುದು ನೀಟ್-ಪಿ.ಜಿ. ಎಂಬ 200 ಪ್ರಶ್ನೆಗಳ ಪರೀಕ್ಷೆಯ ರ್‍ಯಾಂಕಿನಿಂದ, ನಿಮ್ಹಾನ್ಸ್‌ನಂಥ ರಾಷ್ಟ್ರೀಯ ಸಂಸ್ಥೆಗಳಿಗಾದರೆ ಇನ್ನೊಂದು ಪ್ರತ್ಯೇಕ ಪರೀಕ್ಷೆಯಿಂದ. ಈ ಪರೀಕ್ಷೆಗಳಲ್ಲಿ ಪಿಎಚ್.ಡಿ.ಗಾಗಲಿ ಪ್ರಕಟವಾದ ಲೇಖನಕ್ಕಾಗಲಿ ಒಂದು ಅಂಕವೂ ಇಲ್ಲ. ಎಂ.ಬಿ.ಬಿ.ಎಸ್. ಆದ ಕೂಡಲೇ ಪಿಎಚ್.ಡಿ.ಗೆ ಹೋಗಿ ಐದು ವರ್ಷ ಕಳೆದವರು ಮರಳಿ ಬಂದಾಗ, ನಿನ್ನೆ ಮೊನ್ನೆ ಹೌಸ್ ಸರ್ಜನ್ಸಿ ಮುಗಿಸಿ ಕೋಚಿಂಗ್ ಸೇರಿರುವ ಹುಡುಗರ ಜೊತೆ ಅದೇ ಬೆಂಚಿನಲ್ಲಿ ಕೂರಬೇಕು. ಅಮೆರಿಕದಲ್ಲಿಯೂ ಪದವಿ ಪಡೆದು ಹೆಚ್ಚು ವರ್ಷ ಕಳೆದವರನ್ನು ರೆಸಿಡೆನ್ಸಿಗೆ ತೆಗೆದುಕೊಳ್ಳಲು ಆಸ್ಪತ್ರೆಗಳು ಹಿಂಜರಿಯುತ್ತವೆ.

ಇನ್ನು ಕಾನೂನಿನ ಮಾತು. ಎಂ.ಬಿ.ಬಿ.ಎಸ್. ಮೇಲೆ ಪಿಎಚ್.ಡಿ. ಪಡೆದವರು ನೋಂದಾಯಿತ ವೈದ್ಯರಾಗಿಯೇ ಉಳಿದರೂ ತಜ್ಞರಾಗುವುದಿಲ್ಲ. ವೈದ್ಯಕೀಯ ಕಾಲೇಜಿನ ಮೆಡಿಸಿನ್, ಮಕ್ಕಳ ವಿಭಾಗ, ಶಸ್ತ್ರಚಿಕಿತ್ಸೆಯಂಥ ಕ್ಲಿನಿಕಲ್ ವಿಭಾಗಗಳಲ್ಲಿ ಅಧ್ಯಾಪಕರಾಗಲು ಎಂ.ಡಿ., ಎಂ.ಎಸ್., ಡಿ.ಎನ್.ಬಿ.ಯಂಥ ಪಿ.ಜಿ. ಅರ್ಹತೆ ಬೇಕೇ ಬೇಕು. ವಿಜ್ಞಾನ ಸಂಸ್ಥೆಗಳಲ್ಲಿ ಅವರಿಗೆ ಜಾಗವಿದೆ, ಆದರೆ ಅಲ್ಲಿ ರೋಗಿಗಳಿಲ್ಲ. ರೋಗಿಗಳಿರುವ ವಿಭಾಗಗಳಲ್ಲಿ ಅವರಿಗೆ ಅಧ್ಯಾಪಕ ಹುದ್ದೆಯಿಲ್ಲ. ಬಳ್ಳಾರಿಯಲ್ಲಿ 1961ರಿಂದ, ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿದ್ದು ಈ ಭಾಗದ ರೋಗಿಗಳಲ್ಲಿ ಹೆಚ್ಚಿನವರು ಅಲ್ಲಿಗೇ ಬರುವುದರಿಂದ, ಈ ಸೀಮೆಯ ಕಾಯಿಲೆಗಳನ್ನು ಅಧ್ಯಯನ ಮಾಡಬೇಕೆನ್ನುವವರಿಗೆ ಆ ಕಾಲೇಜುಗಳ ಒಳಗಿರುವುದು ಅನಿವಾರ್ಯ. ಒಳಗಿರಲು ಪಿ.ಜಿ. ಪದವಿಯೇ ರಹದಾರಿ.

ರೆಸಿಡೆನ್ಸಿಯನ್ನು ಮೊದಲು ಮಾಡುವುದರಲ್ಲಿ ನಷ್ಟವಿಲ್ಲ ಎಂದಲ್ಲ. 1992ರ ಕೇಂದ್ರ ರೆಸಿಡೆನ್ಸಿ ನಿಯಮದಲ್ಲಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗಿಂತ ಹೆಚ್ಚಿಲ್ಲದ ಡ್ಯೂಟಿ ಎಂದು ಬರೆದಿದ್ದರೂ, 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಬೇಕಾಗಿ ಬಂದದ್ದೇ ವಾಸ್ತವ ಎಲ್ಲಿದೆ ಎಂಬುದನ್ನು ಹೇಳುತ್ತದೆ. ಇಂಥ ದುಡಿಮೆಯಲ್ಲಿ ಸಂಶೋಧನೆಗೆ ಸಿಗುವ ಸಮಯ ತುಂಗಭದ್ರಾ ಕಾಲುವೆಯ ಕೊನೆಭಾಗದ ಹೊಲಕ್ಕೆ ಸಿಗುವ ನೀರಿನಂತೆ: ಕಾಗದದ ಮೇಲೆ ಅದರ ಪಾಲು ನಿಗದಿಯಾಗಿರುತ್ತದೆ, ಮೇಲಿನ ಗದ್ದೆಗಳೆಲ್ಲ ತುಂಬಿದ ಮೇಲೆ ಉಳಿದರೆ ಬರುತ್ತದೆ. ಪಿ.ಜಿ. ವಿದ್ಯಾರ್ಥಿಗಳೆಲ್ಲರೂ ಥೀಸಿಸ್ ಬರೆಯಬೇಕೆಂಬ ನಿಯಮವಿದೆ. ಹೆಚ್ಚಿನ ಕಡೆ ಗೈಡ್ ಸೂಚಿಸಿದ ವಿಷಯದ ಮೇಲೆ ಕೈಗೆ ಸಿಕ್ಕಷ್ಟು ರೋಗಿಗಳ ವಿವರ ಸೇರಿಸಿ, ಅಂಕಿಅಂಶ ತಜ್ಞರಿಂದ ಲೆಕ್ಕ ಹಾಕಿಸಿ, ಬೈಂಡ್ ಮಾಡಿಸಿ ಒಪ್ಪಿಸುವಲ್ಲಿಗೆ ಅದು ಮುಗಿಯುತ್ತದೆ. ಅಧ್ಯಾಪಕರ ಬಡ್ತಿಗೆ ಪ್ರಕಟಣೆಯನ್ನೂ ಸಂಶೋಧನಾ ವಿಧಾನದ ಒಂದು ಆನ್‌ಲೈನ್ ಕೋರ್ಸನ್ನೂ ಕಡ್ಡಾಯ ಮಾಡಿದ ಮೇಲೆ ಲೇಖನಗಳ ಸಂಖ್ಯೆಗೆ ಒತ್ತು ಬಿದ್ದಿದೆಯೇ ಹೊರತು, ಒಂದು ಪ್ರಶ್ನೆಯನ್ನು ಹತ್ತು ವರ್ಷ ಹಿಡಿದು ಕೂರುವವರಿಗೆ ಅದರಿಂದ ಸಿಕ್ಕ ಅನುಕೂಲ ಅಲ್ಪ.

ಆದರೂ ಸಂಶೋಧನೆಯ ತರಬೇತಿ ರೆಸಿಡೆನ್ಸಿಗಿಂತ ಹೆಚ್ಚು ತಡವನ್ನು ತಾಳಿಕೊಳ್ಳುತ್ತದೆ ಎಂಬುದಕ್ಕೆ ಸಾಕ್ಷಿಗಳಿವೆ. ಕೊಲೆಸ್ಟರಾಲ್ ರಕ್ತದಿಂದ ಜೀವಕೋಶದೊಳಕ್ಕೆ ಹೇಗೆ ಹೋಗುತ್ತದೆ ಎಂದು ಕಂಡುಹಿಡಿದು 1985ರಲ್ಲಿ ನೊಬೆಲ್ ಪಡೆದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಭೇಟಿಯಾದದ್ದೇ ಬಾಸ್ಟನ್ನಿನ ಆಸ್ಪತ್ರೆಯೊಂದರ ರೆಸಿಡೆಂಟರಾಗಿ. ಅವರಲ್ಲಿ ಯಾರಿಗೂ ಪಿಎಚ್.ಡಿ. ಇರಲಿಲ್ಲ, ಪ್ರಯೋಗಾಲಯದ ಕೆಲಸವನ್ನು ಆಮೇಲೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕಲಿತರು. ಅವರ ಪ್ರಶ್ನೆ ಹುಟ್ಟಿದ್ದು ಎಳೆಯ ವಯಸ್ಸಿನಲ್ಲೇ ಹೃದಯಾಘಾತಕ್ಕೆ ತುತ್ತಾಗುವ, ವಂಶಪಾರಂಪರ್ಯವಾಗಿ ಕೊಲೆಸ್ಟರಾಲ್ ವಿಪರೀತ ಏರುವ ಮಕ್ಕಳಿಂದ. ಭಾರತದಲ್ಲಿ ವೆಲ್‌ಕಮ್ ಟ್ರಸ್ಟ್ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಸ್ಥಾಪಿಸಿದ ಇಂಡಿಯಾ ಅಲಯನ್ಸ್, ವೈದ್ಯರಿಗೆಂದೇ ಪ್ರತ್ಯೇಕ ಫೆಲೋಶಿಪ್‌ಗಳನ್ನು ಕೊಡುತ್ತ ಬಂದಿರುವುದರಿಂದ, ಪಿ.ಜಿ. ಮುಗಿಸಿದವರು ತಡವಾಗಿ ಸಂಶೋಧನೆಗೆ ಇಳಿಯಲು ದಾರಿ ಮುಚ್ಚಿಲ್ಲ. ತಡವಾಗಿ ರೆಸಿಡೆನ್ಸಿಗೆ ಇಳಿಯುವವರಿಗೆ ಇಂಥ ಆಸರೆ ಯಾವುದೂ ಇಲ್ಲ.

ವಿರುದ್ಧ ದಿಕ್ಕಿಗೂ ಒಂದು ಒಳ್ಳೆಯ ಸಾಕ್ಷಿ ಇದೆ. ಚೆನ್ನೈನ ಸ್ಟ್ಯಾನ್ಲಿ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಓದಿ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದ ವಿ.ಎಸ್. ರಾಮಚಂದ್ರನ್ ಸಂಶೋಧನೆಯ ದಾರಿಯನ್ನೇ ಹಿಡಿದರು. ಕತ್ತರಿಸಿ ತೆಗೆದ ಕೈ ಇನ್ನೂ ನೋಯುತ್ತಿದೆ ಎನ್ನುವ ರೋಗಿಗಳಿಗೆ ಒಂದು ಕನ್ನಡಿಯ ಪೆಟ್ಟಿಗೆಯಿಂದ ಪರಿಹಾರ ತೋರಿಸಿದ ಅವರ ಕೆಲಸ ಜಗತ್ತಿಗೆಲ್ಲ ತಿಳಿದಿದೆ. ಅವರ ಮೂಲ ಆಸಕ್ತಿ ಕಣ್ಣು ಮತ್ತು ಮಿದುಳು ಲೋಕವನ್ನು ಹೇಗೆ ಗ್ರಹಿಸುತ್ತವೆ ಎಂಬುದಾಗಿದ್ದರಿಂದ, ಚಿಕಿತ್ಸೆಯ ಹೊಣೆ ಹೊರದೆಯೂ ರೋಗಿಗಳಿಂದ ಕಲಿಯುವುದು ಸಾಧ್ಯವಾಯಿತು.

ಇವೆರಡರ ನಡುವೆ ಮೂರನೆಯ ದಾರಿಯೂ ಇದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಯಾರೂ ಹೇಳದಿರುವುದು ದುಃಖದ ಸಂಗತಿ. ಶರೀರಕ್ರಿಯಾಶಾಸ್ತ್ರ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಸಮುದಾಯ ವೈದ್ಯಕೀಯ ಇವುಗಳಲ್ಲಿಯೂ ಎಂ.ಡಿ. ಪದವಿ ಇದೆ, ಕೌನ್ಸೆಲಿಂಗಿನಲ್ಲಿ ಕ್ಲಿನಿಕಲ್ ಸೀಟು ತಪ್ಪಿದವರ ಪಾಲಿಗೆ ಬರುವ ಸೀಟುಗಳೆಂದು ಇವನ್ನು ಕಡೆಗಣಿಸುವುದು ವಾಡಿಕೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾಶಾಸ್ತ್ರ ವಿಭಾಗದ ಅನುರಾ ಕುರ್ಪಾಡ್ ಎಂ.ಡಿ., ಪಿಎಚ್.ಡಿ. ಎರಡನ್ನೂ ಪಡೆದವರು. ಲೈಸಿನ್ ಎಂಬ ಅಮೈನೊ ಆಮ್ಲ ವಯಸ್ಕರಿಗೆ ದಿನಕ್ಕೆ ಎಷ್ಟು ಬೇಕು ಎಂಬ ಪ್ರಶ್ನೆಗೆ, ದೇಹದ ಒಂದು ಕಿಲೋ ತೂಕಕ್ಕೆ 12 ಮಿಲಿಗ್ರಾಂ ಸಾಕು ಎಂಬುದು 1985ರ ಅಂತರರಾಷ್ಟ್ರೀಯ ಸಮಿತಿಯ ಉತ್ತರವಾಗಿತ್ತು. ಗುರುತು ಹಚ್ಚಿದ, ವಿಕಿರಣ ಸೂಸದ ಪರಮಾಣುಗಳುಳ್ಳ ಆಹಾರವನ್ನು ಭಾರತೀಯ ಸ್ವಯಂಸೇವಕರಿಗೆ ಉಣಿಸಿ, 24 ಗಂಟೆಯೂ ಅವರ ಉಸಿರನ್ನು ಸಂಗ್ರಹಿಸಿ ಅಳೆದ ಕುರ್ಪಾಡರ ತಂಡದ ಅಧ್ಯಯನಗಳು ಆ ಪ್ರಮಾಣವನ್ನು ಸುಮಾರು 30 ಮಿಲಿಗ್ರಾಂಗೆ ಏರಿಸಲು ಆಧಾರವಾದವು. 2007ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಅದನ್ನೇ ಒಪ್ಪಿತು. ಲೈಸಿನ್ ಕಡಿಮೆಯಿರುವ ಜೋಳ, ಅಕ್ಕಿಗಳನ್ನೇ ನೆಚ್ಚಿದ ಮನೆಗಳಲ್ಲಿ ತಟ್ಟೆಗೆ ಬೇಳೆಕಾಳು ಎಷ್ಟು ಬೇಕು ಎಂಬ ಲೆಕ್ಕವನ್ನೇ ಈ ಒಂದು ಸಂಖ್ಯೆ ಬದಲಿಸಿತು. ರಾತ್ರಿ ಡ್ಯೂಟಿಯ ಭಾರವಿಲ್ಲದ, ಆದರೆ ಆಸ್ಪತ್ರೆಯ ಆವರಣದಲ್ಲೇ ಇರುವ ವಿಭಾಗವೊಂದರಿಂದ ಇದು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು. ಸೀಟು ಹಂಚಿಕೆಯ ಪಟ್ಟಿಯಲ್ಲಿ ಕೆಳಗಿರುವ ವಿಭಾಗ ವಿಜ್ಞಾನದಲ್ಲಿ ಕೆಳಗಿರಬೇಕಾಗಿಲ್ಲ.

ಹಣದ ಮಾತನ್ನೂ ಬಿಡುವಂತಿಲ್ಲ. ಕಿರಿಯ ಸಂಶೋಧಕರಿಗೆ ಕೊಡುವ ಜೆ.ಆರ್.ಎಫ್. ಫೆಲೋಶಿಪ್ 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಸಾಲ ಮಾಡಿ ಮಗನನ್ನೋ ಮಗಳನ್ನೋ ಡಾಕ್ಟರು ಮಾಡಿದ ಕಂಪ್ಲಿಯ ರೈತ ಕುಟುಂಬಕ್ಕೆ ಈ ಲೆಕ್ಕ ಹಗುರವಲ್ಲ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371 ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಮೀಸಲಾತಿ ಸಿಕ್ಕಿ, ಮನೆಯಲ್ಲಿ ಮೊದಲ ಸಲ ವೈದ್ಯರಾದವರ ಸಂಖ್ಯೆ ಬೆಳೆಯುತ್ತಿರುವಾಗ, ಅವರಲ್ಲಿ ಸಂಶೋಧನೆಯ ಒಲವಿದ್ದವರೂ ಪಿ.ಜಿ. ಮಾಡಿ ಪ್ರಾಕ್ಟೀಸಿಗೆ ಕೂರುವುದನ್ನು ಆರಿಸಿಕೊಂಡರೆ ಅದನ್ನು ಆಸೆಬುರುಕತನ ಎನ್ನುವುದು ಅನ್ಯಾಯ. ಎಂ.ಬಿ.ಬಿ.ಎಸ್. ಓದುವಾಗಲೇ ಎರಡು ತಿಂಗಳ ಸಂಶೋಧನೆಯನ್ನು ಸ್ಟೈಪೆಂಡ್ ಸಹಿತ ಮಾಡಲು ಐ.ಸಿ.ಎಂ.ಆರ್. ನಡೆಸುವ ಅಲ್ಪಾವಧಿ ವಿದ್ಯಾರ್ಥಿ ಯೋಜನೆ ಇಂಥವರಿಗೆ ನಿಜವಾದ ಪರೀಕ್ಷಾ ಕ್ಷೇತ್ರ. ಆ ಎರಡು ತಿಂಗಳಲ್ಲಿ ಫಲಿತಾಂಶ ಬಾರದೆ ಬೇಸರವಾದಾಗಲೂ ಪ್ರಶ್ನೆಯನ್ನು ಬಿಡಲು ಮನಸ್ಸಾಗದವರು ಮುಂದೆ ಪಿಎಚ್.ಡಿ.ಯ ಕಷ್ಟವನ್ನು ತಾಳಿಯಾರು.

ರೆಸಿಡೆನ್ಸಿಯನ್ನು ಆರಿಸಿಕೊಂಡವರು ವಿಭಾಗವನ್ನು ಆರಿಸುವಾಗ ಅಲ್ಲಿನ ರೋಗಿಗಳ ಸಂಖ್ಯೆಯನ್ನು ವಿಚಾರಿಸುವಷ್ಟೇ ಕಾಳಜಿಯಿಂದ, ವಾರದಲ್ಲಿ ಯಾವ ದಿನದ ಯಾವ ಹೊತ್ತು ಡ್ಯೂಟಿಯಿಂದ ಬಿಡುವು ಕೊಡುತ್ತಾರೆ, ಹಿಂದಿನ ಐದು ವರ್ಷಗಳ ಥೀಸಿಸ್‌ಗಳಲ್ಲಿ ಎಷ್ಟು ಒಂದೇ ಪ್ರಶ್ನೆಯನ್ನು ಮುಂದುವರಿಸಿವೆ, ರಕ್ತದ ಮಾದರಿಗಳನ್ನು ಕೆಡದಂತೆ ಇಡುವ ಫ್ರೀಜರ್ ಇದೆಯೇ ಎಂದೂ ಕೇಳಬೇಕು. ಕೊನೆಯ ಪ್ರಶ್ನೆ ಸಣ್ಣದಾಗಿ ಕಂಡರೂ, ವಿದ್ಯುತ್ ಕೈಕೊಟ್ಟಾಗ ಆ ಫ್ರೀಜರಿಗೆ ಜನರೇಟರ್ ಸಂಪರ್ಕವಿದೆಯೇ ಎಂಬುದರ ಮೇಲೆ ಮೂರು ವರ್ಷದ ಕೆಲಸ ನಿಂತಿರುತ್ತದೆ.

ಸರ್ಕಾರದ ಕೈಯಲ್ಲಿ ಆಗಲೇ ಇರುವ ಎರಡು ಸಲಕರಣೆಗಳನ್ನು ಈ ಉದ್ದೇಶಕ್ಕೆ ತಿರುಗಿಸಿಕೊಳ್ಳಬಹುದು. ಪಿ.ಜಿ. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ಡಿಸ್ಟ್ರಿಕ್ಟ್ ರೆಸಿಡೆನ್ಸಿ ನಿಯಮ ಒಂದು. ವೈದ್ಯಕೀಯ ಓದು ಮುಗಿಸಿದವರು ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷ ದುಡಿಯಬೇಕೆಂದು ಕರ್ನಾಟಕ 2012ರಲ್ಲಿ ಮಾಡಿದ ಕಡ್ಡಾಯ ಸೇವೆಯ ಕಾಯ್ದೆ ಇನ್ನೊಂದು. ವಿದ್ಯಾರ್ಥಿಗಳು ಇವನ್ನು ಕಾಲಹರಣವೆಂದೂ ಆಡಳಿತ ಇವನ್ನು ಖಾಲಿ ಹುದ್ದೆ ತುಂಬುವ ಉಪಾಯವೆಂದೂ ಕಾಣುತ್ತ ಬಂದಿವೆ. ಸಂಡೂರಿನ ಗಣಿಗಳನ್ನು ನೋಡಿದರೆ ಈ ಅವಧಿ ಎಷ್ಟು ಬೆಲೆಯುಳ್ಳದ್ದಾಗಬಹುದು ಎಂಬುದು ತಿಳಿಯುತ್ತದೆ. ಅಲ್ಲಿನ ಕಬ್ಬಿಣದ ಅದಿರು ಬೆಣಚುಕಲ್ಲಿನ ಪದರಗಳ ಜೊತೆ ಬೆರೆತಿರುವುದರಿಂದ, ಅದಿರಿನ ಕೆಂಧೂಳಿನಲ್ಲಿ ಕಣ್ಣಿಗೆ ಕಾಣದ ಸಿಲಿಕಾ ಕಣಗಳೂ ಇರುತ್ತವೆ. ವರ್ಷಗಟ್ಟಲೆ ಅವು ಶ್ವಾಸಕೋಶದೊಳಗೆ ಕೂತರೆ ಸಿಲಿಕೋಸಿಸ್ ಬರುತ್ತದೆ, ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು, ಮತ್ತು ಕೆಮ್ಮು, ಏದುಸಿರು, ತೂಕ ಇಳಿಯುವುದು ಎರಡರಲ್ಲೂ ಒಂದೇ. ಕಫದಲ್ಲಿ ಕ್ಷಯಾಣು ಸಿಗದ ರೋಗಿಗೂ ಕ್ಷಯದ ಮಾತ್ರೆಗಳನ್ನು ಕೊಟ್ಟು ಕಳಿಸುವುದು ಗಣಿ ಸೀಮೆಗಳಲ್ಲಿ ಆಗಬಹುದಾದ ತಪ್ಪು. ಡ್ಯೂಟಿಯಲ್ಲಿರುವವರು ಪ್ರತಿ ರೋಗಿಯ ಕೇಸ್ ಶೀಟಿನಲ್ಲಿ ‘ಕೂಲಿ’ ಎಂದಷ್ಟೇ ಬರೆಯದೆ ಯಾವ ಗಣಿಯಲ್ಲಿ, ಎಷ್ಟು ವರ್ಷ, ಅದಿರು ಅರೆಯುವಲ್ಲಿಯೋ ಲಾರಿ ತುಂಬುವಲ್ಲಿಯೋ ಎಂದು ಬರೆದು, ಎಕ್ಸ್‌ರೇಯನ್ನು ಸಿಲಿಕೋಸಿಸ್ ಗುರುತಿಸುವ ಅಂತರರಾಷ್ಟ್ರೀಯ ಮಾನದಂಡದಂತೆ ಓದಿ ಇಟ್ಟರೆ, ಹೊಸ ಕಟ್ಟಡವಾಗಲಿ ಹೊಸ ಯಂತ್ರವಾಗಲಿ ಇಲ್ಲದೆಯೇ ಒಂದು ಅಧ್ಯಯನ ಆರಂಭವಾದಂತೆ. ಅದಕ್ಕೆ ಬೇಕಾದದ್ದು ಕಡ್ಡಾಯ ಸೇವೆಯ ನಿಯೋಜನೆ ಆದೇಶದಲ್ಲಿ ವಾರಕ್ಕೆ ಒಂದು ದಿನವನ್ನು ಈ ಕೆಲಸಕ್ಕೆಂದು ನಮೂದಿಸುವ ಒಂದು ಸಾಲು, ಮತ್ತು ಆ ವರ್ಷ ಮುಗಿಸಿ ಹೋಗುವವರು ಕೇಸ್ ಶೀಟುಗಳ ಕಟ್ಟನ್ನು ಮುಂದೆ ಬರುವವರ ಕೈಗೆ ಲೆಕ್ಕ ಮಾಡಿ ಒಪ್ಪಿಸಿ ಸಹಿ ಪಡೆಯುವ ವ್ಯವಸ್ಥೆ.